‘ಎಂತ ಕೆಲಸವೂ ಇಲ್ಲ’ ಎನ್ನುವ ಮನೆಯ ದುಡಿಮೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹಳ್ಳಿಮನೆಗೆ ಮಧ್ಯಾಹ್ನದ ಹೊತ್ತು ಹೋಗಿ ನೋಡಿ. ಜಗಲಿಯಲ್ಲಿ ಕಾಲು ಚಾಚಿ ಕುಳಿತ ಅಕ್ಕನೊಬ್ಬರು ಕಾಣಿಸುತ್ತಾರೆ. ತೊಡೆಯ ಮೇಲೆ ತಡ್ಪೆ, ಅಂದರೆ ಮೊರ; ತಡ್ಪೆಯಲ್ಲಿ ಅಳತೆಗೆ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ನಮ್ಮೊಡನೆ ಮಾತಾಡುತ್ತಾ ಇರುತ್ತಾರೆ, ಕಣ್ಣು ತಡ್ಪೆಯ ಕಡೆಗೆ ಹೋಗುವುದೇ ಇಲ್ಲ, ಬೆರಳುಗಳು ಮಾತ್ರ ಬೀಡಿ ಸುರುಟಿ, ನೂಲು ಸುತ್ತಿ, ತುದಿ ಮಡಚಿ ಬದಿಗಿಡುತ್ತಾ ಹೋಗುತ್ತವೆ.

“ಅಕ್ಕಾ, ಈಗ ಎಂತ ಕೆಲಸ ಮಾಡ್ತಿದ್ದೀರಿ?” ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಎಲ್ಲ ಮನೆಯಲ್ಲೂ ಒಂದೇ. “ಎಂತ ಕೆಲಸವೂ ಇಲ್ಲ ಮಾರಾಯ್ರೆ, ಮನೆಯಲ್ಲೇ ಇರೋದು. ಹೀಗೇ ಸ್ವಲ್ಪ ಬೀಡಿ.”

ಆ ‘ಸ್ವಲ್ಪ ಬೀಡಿ’ಯಿಂದ ಮಕ್ಕಳ ಶಾಲೆಯ ಫೀಸು ಕಟ್ಟಿದ್ದಾಗಿದೆ. ಸೊಸೈಟಿಯ ಸಾಲದ ಕಂತು ತುಂಬಿದ್ದಾಗಿದೆ. ಮಗಳ ಮದುವೆಗೆ ಒಂದೆಳೆ ಚಿನ್ನ ಮಾಡಿಸಿದ್ದಾಗಿದೆ. ಆದರೂ ಅದು ‘ಕೆಲಸ’ ಅಲ್ಲ. ಕೆಲಸ ಎಂದರೆ ಬೆಳಿಗ್ಗೆ ಬಸ್ಸು ಹಿಡಿದು ಮಂಗಳೂರಿಗೆ ಹೋಗುವುದು, ಬ್ಯಾಂಕಿನಲ್ಲಿ ಕೂರುವುದು, ದುಬೈಯಿಂದ ಹಣ ಕಳಿಸುವುದು. ನಮ್ಮ ಊರುಗಳನ್ನು ಎತ್ತಿ ನಿಲ್ಲಿಸಿರುವ ದುಡಿಮೆಯ ಬಹುಪಾಲು, ಅದನ್ನು ಮಾಡುವವರ ಬಾಯಲ್ಲೇ ಕೆಲಸ ಎಂಬ ಹೆಸರು ಪಡೆದಿಲ್ಲ. ಇದು ಯಾಕೆ ಹೀಗೆ ಎಂಬ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ತುಳುವಿನಲ್ಲಿ ‘ಬೆನ್ನಿ’ ಎಂದರೆ ಬೇಸಾಯ. ‘ಬೆನ್ಪಿನಿ’ ಎಂದರೆ ದುಡಿಯುವುದೂ ಹೌದು, ಗಳಿಸುವುದೂ ಹೌದು. ಉಳುವುದು, ದುಡಿಯುವುದು, ಗಳಿಸುವುದು ಎಲ್ಲಕ್ಕೂ ಒಂದೇ ಬೇರು. ಇಂಥ ಮಾತನ್ನು ಹುಟ್ಟಿಸಿದ ಜನರಿಗೆ ಮೈಬಗ್ಗಿಸಿ ದುಡಿಯುವುದು ಕೀಳು ಎನಿಸಿರಲಾರದು. ಹಾಗಾದರೆ ಈ ಸಂಕೋಚ ಎಲ್ಲಿಂದ ಬಂತು? ಈ ಮೂರು ತಾಲ್ಲೂಕುಗಳ ಕಳೆದ ಐವತ್ತು ವರ್ಷಗಳ ಕಥೆಯನ್ನು ನೋಡಿದರೆ ನನಗೆ ಒಂದು ಉತ್ತರ ಹೊಳೆಯುತ್ತದೆ. ನಾಚಿಕೆ ಇರುವುದು ದುಡಿಮೆಯಲ್ಲಲ್ಲ, ಅದರ ಸುತ್ತ ಭದ್ರತೆ ಇಲ್ಲದಿರುವುದರಲ್ಲಿ. ಭದ್ರತೆ ಬಂದಲ್ಲೆಲ್ಲ ಅಭಿಮಾನವೂ ಹಿಂದೆಯೇ ಬಂದಿದೆ.

ನೆರೆಯ ವರ್ಷ, ಡಿಕ್ಲರೇಷನ್ನಿನ ವರ್ಷ

1974 ಎಂದರೆ ಬಂಟ್ವಾಳ ಪೇಟೆಯ ಹಿರಿಯರಿಗೆ ಮೊದಲು ನೆನಪಾಗುವುದು ನೇತ್ರಾವತಿಯ ನೆರೆ. 1923ರ ಮಹಾ ನೆರೆಯ ಕಥೆಯನ್ನು ಅಜ್ಜಂದಿರ ಬಾಯಿಂದ ಕೇಳಿದ್ದವರು ಆ ವರ್ಷ ಪೇಟೆಗೆ ನೀರು ನುಗ್ಗಿದ್ದನ್ನು ಕಣ್ಣಾರೆ ಕಂಡರು. ಆದರೆ ಅದೇ ವರ್ಷ ಇನ್ನೊಂದು ನೆರೆಯೂ ಬಂತು. ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಉಳುವವನೇ ಹೊಲದೊಡೆಯನಾಗುವ ಕಾಲ ಬಂತು.

ಧಣಿಗಳ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು, ವರ್ಷಕ್ಕಿಷ್ಟು ಮುಡಿ ಅಕ್ಕಿ ಅಳೆದುಕೊಟ್ಟು ಉಳಿದದ್ದರಲ್ಲಿ ಗಂಜಿ ಕಾಣುತ್ತಿದ್ದವರು, ಊರಿನ ಬಾಯಲ್ಲಿ ‘ಡಿಕ್ಲರೇಷನ್’ ಎನಿಸಿದ ಅರ್ಜಿ ಹಿಡಿದು ಭೂ ನ್ಯಾಯಮಂಡಳಿಯ ಮುಂದೆ ನಿಂತರು. ರಾಜ್ಯದಲ್ಲಿ ಈ ಕಾಯ್ದೆ ಹೆಚ್ಚು ಪರಿಣಾಮಕಾರಿಯಾಗಿ ನಡೆದ ಜಿಲ್ಲೆಗಳ ಸಾಲಿನಲ್ಲಿ ದಕ್ಷಿಣ ಕನ್ನಡ ಮುಂಚೂಣಿಯಲ್ಲಿದೆ. ಇವತ್ತಿಗೂ ಇಲ್ಲಿ ಜಾಗದ ಮಾತು ಬಂದರೆ “ಇದು ಡಿಕ್ಲರೇಷನ್‌ನಲ್ಲಿ ಆದದ್ದು” ಎನ್ನುತ್ತಾರೆ. ಹಾಗೆನ್ನುವ ದನಿಯನ್ನು ಗಮನಿಸಿ, ಅದರಲ್ಲಿ ಸಂಕೋಚ ಇರುವುದಿಲ್ಲ. ಅದೇ ಗದ್ದೆ, ಅದೇ ಕೆಸರು, ಅದೇ ಏಣಿಲು, ಸುಗ್ಗಿ, ಕೊಳಕೆ ಬೆಳೆ. ನಿನ್ನೆ ತಲೆ ತಗ್ಗಿಸಿ ಮಾಡುತ್ತಿದ್ದ ಬೆನ್ನಿಯನ್ನು ಪಹಣಿಯಲ್ಲಿ ಹೆಸರು ಬಂದ ಮೇಲೆ ತಲೆಯೆತ್ತಿ ಮಾಡಿದರು. ಕೆಲಸ ಬದಲಾಗಲಿಲ್ಲ, ಅದರ ಕೆಳಗಿನ ನೆಲ ಗಟ್ಟಿಯಾಯಿತು.

ಜಾಗ ಸ್ವಂತವಾದ ಮೇಲೆ ಗದ್ದೆಗಳು ಮೆಲ್ಲಮೆಲ್ಲಗೆ ಅಡಿಕೆ ತೋಟಗಳಾದವು. ಗೇಣಿಯ ಗದ್ದೆಯಲ್ಲಿ ಯಾರೂ ಫಸಲಿಗೆ ಐದಾರು ವರ್ಷ ಕಾಯಬೇಕಾದ ಗಿಡ ನೆಡುವುದಿಲ್ಲ. ನಾಳೆ ಈ ಮಣ್ಣು ನನ್ನದೇ ಎಂಬ ನಂಬಿಕೆ ಬಂದವನು ನೆಡುತ್ತಾನೆ. ವಿಟ್ಲದಲ್ಲಿ 1956ರಿಂದ ಇದ್ದ ಅಡಿಕೆ ಸಂಶೋಧನಾ ಕೇಂದ್ರ ‘ಮಂಗಳ’ದಂಥ ತಳಿ ಕೊಟ್ಟಿತು. 1970ರ ಆಸುಪಾಸಿನಲ್ಲಿ ಅಡಿಕೆಯ ಧಾರಣೆ ನೆಲಕಚ್ಚಿದಾಗ, ಬಂಟ್ವಾಳ ತಾಲ್ಲೂಕಿನ ಅಡ್ಯನಡ್ಕದ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳ್ತನದಲ್ಲಿ 1973ರಲ್ಲಿ ಕ್ಯಾಂಪ್ಕೊ ಹುಟ್ಟಿತು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಈ ಸಹಕಾರಿ ಸಂಸ್ಥೆ ಬಂದ ಮೇಲೆ ಸಣ್ಣ ಬೆಳೆಗಾರನ ಒಂದು ಗೋಣಿ ಚಾಲಿ ಅಡಿಕೆಗೂ ತೂಕ, ದರ್ಜೆ, ರಶೀದಿ ಎಂಬ ಲೆಕ್ಕ ಬಂತು. ತೋಟದ ನಡುವಿನ ಕೊಕ್ಕೋ ಬೀಜಕ್ಕೆ 1986ರಲ್ಲಿ ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ದಾರಿ ಮಾಡಿತು.

ಗುಡ್ಡ ಕೊರೆದು ನೀರು ಕಂಡವರು

ಆದರೆ ಭೂಸುಧಾರಣೆ ಮುಟ್ಟಿದ್ದು ಗೇಣಿಗೆ ಗದ್ದೆ ಮಾಡುತ್ತಿದ್ದವರನ್ನು. ಗೇಣಿಯೂ ಇಲ್ಲದೆ ಬರೀ ಕೂಲಿಗೆ ದುಡಿದವರಲ್ಲಿ ಹೆಚ್ಚಿನವರು ಅದರಿಂದ ಹೊರಗೇ ಉಳಿದರು. ಅವರಲ್ಲೊಬ್ಬರ ಹೆಸರನ್ನು ಈಗ ದೇಶವೇ ಬಲ್ಲದು: ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು.

ಅಡಿಕೆ ಮರ, ತೆಂಗಿನ ಮರ ಹತ್ತುವುದು ಅವರ ಕೂಲಿ. 1978ರಲ್ಲಿ ಧಣಿ ಅಮೈ ಮಹಾಬಲ ಭಟ್ಟರು ಅವರಿಗೆ ಗುಡ್ಡದ ಇಳಿಜಾರಿನಲ್ಲಿ ಎರಡು ಎಕರೆ ಜಾಗ ಕೊಟ್ಟರು. ಹುಲ್ಲು ಬಿಟ್ಟರೆ ಬೇರೇನೂ ಬೆಳೆಯದ ಒಣ ಬೋಳು ನೆಲ. ಬಾವಿ ತೋಡಿಸಲು ಹಣವಿಲ್ಲ. ಕರಾವಳಿಯ ಈ ಮುರಕಲ್ಲಿನ ಗುಡ್ಡಗಳಲ್ಲಿ ಅಡ್ಡಕ್ಕೆ ಸುರಂಗ ಕೊರೆದು ಒರತೆ ಹಿಡಿಯುವ ಹಳೆಯ ವಿದ್ಯೆಯೊಂದಿದೆ. ನಾಯ್ಕರು ಹಗಲಿಡೀ ಧಣಿಗಳ ತೋಟದಲ್ಲಿ ಮರ ಹತ್ತಿ, ಸಂಜೆ ಮನೆಗೆ ಬಂದು ಚಿಮಿಣಿ ದೀಪದ ಬೆಳಕಿನಲ್ಲಿ ಒಬ್ಬರೇ ಪಿಕ್ಕಾಸು ಹಿಡಿದರು. ಒಂದಾದ ಮೇಲೊಂದು ಸುರಂಗ ಒಣಮಣ್ಣಿನಲ್ಲೇ ಮುಗಿಯಿತು. ವರ್ಷಗಳು ಕಳೆದವು. ನೋಡಿದವರು ಹುಚ್ಚು ಎಂದರು. ಕೊನೆಗೆ ನೀರು ಬಂತು. ಆ ನೀರಿನಲ್ಲಿ ಅಡಿಕೆ, ತೆಂಗು, ಬಾಳೆ ಎದ್ದು ನಿಂತವು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇದನ್ನು ಒಬ್ಬ ಸಾಹಸಿಯ ಕಥೆಯೆಂದು ಓದಿ ಮೆಚ್ಚಿ ಮುಂದೆ ಹೋಗುವುದು ಸುಲಭ. ನನಗೆ ಕಾಣುವುದು ಬೇರೆ. ಅದೇ ತೋಳು, ಅದೇ ಬೆನ್ನು ಅದಕ್ಕೂ ಹಿಂದೆ ಎಷ್ಟೋ ವರ್ಷ ಅಷ್ಟೇ ದುಡಿದಿದ್ದವು. ವ್ಯತ್ಯಾಸ ಮಾಡಿದ್ದು ಎರಡು ಎಕರೆ. ಈ ಊರುಗಳಲ್ಲಿ ಮರ ಹತ್ತುವ, ಕೆರೆ ತೋಡುವ, ಕಟ್ಟ ಕಟ್ಟುವ ಇನ್ನೆಷ್ಟು ಮಂದಿಯಲ್ಲಿ ಅಂಥದೇ ಹಟ ಇತ್ತೋ! ಅವರ ಕಾಲ ಕೆಳಗೆ ನೆಲ ಇರಲಿಲ್ಲ, ಅಷ್ಟೆ.

ತಡ್ಪೆಯ ಮೇಲಿನ ಕಾನೂನು

ಈಗ ಜಗಲಿಯ ಅಕ್ಕನ ಕಡೆಗೆ ಬರೋಣ. ಬೀಡಿ ಇಲ್ಲಿ ಬೆಳೆಯುವ ವಸ್ತುವಲ್ಲ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ಕಡೆಯ ಕಾಡುಗಳಿಂದ; ಹೊಗೆಸೊಪ್ಪು ಬರುವುದು ನಿಪ್ಪಾಣಿ ಮತ್ತು ಗುಜರಾತಿನಿಂದ. ಇಲ್ಲಿ ಇರುವುದು ಬೆರಳು ಮಾತ್ರ. ಆ ಬೆರಳುಗಳನ್ನು ನಂಬಿಯೇ ಮಂಗಳೂರಿನ ಬೀಡಿ ಕಂಪನಿಗಳು ಬೆಳೆದವು. ಎಲೆಯನ್ನು ನೀರಿನಲ್ಲಿ ನೆನೆಸಿ ಮೆದುವಾಗಿಸಿ, ಅಳತೆಯಿಟ್ಟು ಕತ್ತರಿಸಿ, ಸುರುಟಿ, ಕಟ್ಟು ಮಾಡಿ, ಬ್ರಾಂಚಿಗೆ ಒಯ್ದು ಕೊಟ್ಟು, ಮತ್ತೆ ಎಲೆ, ಹೊಗೆಸೊಪ್ಪು ತರುವುದು. ಅಡುಗೆ, ದನ, ಮಕ್ಕಳು ಎಲ್ಲದರ ನಡುವೆ ದಿನಕ್ಕೆ 600ರಿಂದ 800 ಬೀಡಿ ಕಟ್ಟುವವರು ಸಾಮಾನ್ಯ. ಮಜೂರಿಯ ಲೆಕ್ಕ ಸಾವಿರ ಬೀಡಿಗೆ ಇಷ್ಟು ಎಂದು.

ಈ ಕೆಲಸದ ಸುತ್ತ ಕಟ್ಟಿದ ಕಾನೂನಿನ ಕಥೆ ನಾವು ಹೆಮ್ಮೆಯಿಂದ ಹೇಳಬೇಕಾದದ್ದು. 1966ರಲ್ಲೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರೂ ಕಾರ್ಮಿಕರೇ, ನಡುವೆ ಗುತ್ತಿಗೆದಾರ ಇದ್ದರೂ ಮಾಲೀಕನ ಹೊಣೆ ತಪ್ಪದು ಎಂದು ಅದು ಹೇಳಿತು. ಮಂಗಳೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆಯೊಂದರಲ್ಲಿ, ನೆರೆಯ ವರ್ಷವಾದ 1974ರಲ್ಲೇ, ಈ ಕಾಯ್ದೆ ಊರ್ಜಿತವಾಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆ ಬಂದು ಮಕ್ಕಳಿಗೆ ವಿದ್ಯಾರ್ಥಿವೇತನ, ಮನೆ ಕಟ್ಟಲು ನೆರವು, ಔಷಧಾಲಯ ಎಂಬ ದಾರಿಗಳು ತೆರೆದವು. 1977ರಲ್ಲಿ ಬೀಡಿ ಉದ್ಯಮ ಭವಿಷ್ಯ ನಿಧಿಯ ವ್ಯಾಪ್ತಿಗೆ ಬಂತು. ಮನೆಯಲ್ಲಿ ದುಡಿಯುವವರಿಗೂ ಅದು ಸಲ್ಲುತ್ತದೆ ಎಂದು 1985ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮನೆಯಲ್ಲಿ ದುಡಿಯುವವರನ್ನು ಉಳಿದ ಕಾರ್ಮಿಕರ ಸಮಕ್ಕೆ ಕಾಣಬೇಕೆಂಬ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಪ್ಪಿದ್ದು 1996ರಲ್ಲಿ. ನಮ್ಮ ಜಗಲಿಯ ಅಕ್ಕನಿಗೆ ಆ ಹಕ್ಕನ್ನು ನಮ್ಮ ದೇಶದ ಕಾನೂನು ಅದಕ್ಕೂ ಮೂವತ್ತು ವರ್ಷ ಮೊದಲೇ ಬರೆದಿಟ್ಟಿತ್ತು.

ಇದರ ಫಲ ಕಾಗದದಲ್ಲಷ್ಟೇ ಉಳಿಯಲಿಲ್ಲ. ಬೀಡಿಯ ಪಿಎಫ್ ಹಣದಲ್ಲಿ ಮನೆಗೆ ಹಂಚು ಹೊದೆಸಿದವರು, ಮಕ್ಕಳನ್ನು ನರ್ಸಿಂಗಿಗೆ, ಡಿಪ್ಲೊಮಾಕ್ಕೆ ಕಳಿಸಿದವರು ಪ್ರತಿ ಗ್ರಾಮದಲ್ಲೂ ಸಿಗುತ್ತಾರೆ. ಹಳೆಯ ತಲೆಮಾರಿನ ಹೆಂಗಸರು ಬೀಡಿಯ ಬಗ್ಗೆ ಮಾತಾಡುವಾಗ ಒಂದು ಮಾತು ಬಂದೇ ಬರುತ್ತದೆ: ಯಾರ ಮುಂದೆಯೂ ಕೈ ಚಾಚಬೇಕಾಗಿ ಬರಲಿಲ್ಲ. ಗಂಡನ ಮುಂದೆಯೂ ಎಂಬುದು ಅದರೊಳಗೇ ಇದೆ.

ಆದರೆ ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಬರುತ್ತದೆ: ನಮ್ಮ ಕಾಲಕ್ಕೆ ಸಾಕು, ಮಕ್ಕಳಿಗೆ ಇದು ಬೇಡ. ಬೆನ್ನುನೋವು, ಹೊಗೆಸೊಪ್ಪಿನ ಧೂಳಿನ ಕೆಮ್ಮು, ವಾರದಲ್ಲಿ ಎಷ್ಟು ದಿನ ಕೆಲಸ ಸಿಗುತ್ತದೆಂಬ ಖಾತರಿ ಇಲ್ಲದ ಸ್ಥಿತಿ. ಬೀಡಿ ಸೇದುವುದು ಆರೋಗ್ಯಕ್ಕೆ ಕೆಡುಕು, ಅದರ ಬಳಕೆ ಕಡಿಮೆಯಾಗಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಬಳಕೆ ಇಳಿದಾಗ ಮೊದಲು ಖಾಲಿಯಾಗುವುದು ಈ ತಡ್ಪೆ. ಅದರ ಜಾಗದಲ್ಲಿ ಏನು ಇಡುತ್ತೇವೆ ಎಂದು ಯೋಚಿಸುವುದು ನಮ್ಮೆಲ್ಲರ ಹೊಣೆ. ಹಳೆಯ ಬೀಡಿ ಕಾಯ್ದೆಯೂ ಈಗ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ. ಅಕ್ಕಂದಿರಿಗೆ ಅದರಲ್ಲಿದ್ದ ಹಕ್ಕು ಒಂದೂ ಕಳೆದುಹೋಗದಂತೆ ನೋಡಿಕೊಳ್ಳಬೇಕಾದ ಕಾಲವಿದು.

ಮರದ ತುದಿಯಲ್ಲಿ ಇರುವ ಜೀವ

ಅಡಿಕೆ ತೋಟದ ದುಡಿಮೆಯಲ್ಲಿ ಅತ್ಯಂತ ಕಷ್ಟದ್ದು ಮರದ ಮೇಲಿನದು. ಕಾಲಿಗೆ ತಳೆ ಹಾಕಿ ಐವತ್ತು ಅಡಿ ಮರ ಏರಿ, ಗೊನೆ ಕೊಯ್ದು, ಕೆಳಗಿಳಿಯದೆ ಮರವನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುವ ಆ ಕೌಶಲವನ್ನು ನೋಡಿಯೇ ನಂಬಬೇಕು. ಮಳೆಗಾಲದಲ್ಲಿ ಇನ್ನೂ ಕಷ್ಟ. ಕೊಳೆರೋಗ ಬಾರದಂತೆ ಮದ್ದು ಬಿಡಬೇಕಾದದ್ದು ಮರ ಪಾಚಿಗಟ್ಟಿ ಜಾರುವ ದಿನಗಳಲ್ಲೇ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ತೋರಿಸಿಕೊಟ್ಟ ಬೋರ್ಡೋ ದ್ರಾವಣವೇ ಇಂದಿಗೂ ಅಡಿಕೆಗೆ ಆಧಾರ. ಒಂದು ಬಿಸಿಲು ಬಿಟ್ಟ ಹೊತ್ತಿಗೆ ಊರಿನ ಎಲ್ಲ ತೋಟದವರೂ ಮರ ಹತ್ತುವ ಒಬ್ಬನನ್ನೇ ಹುಡುಕುತ್ತಾರೆ.

ಇಷ್ಟು ಬೇಡಿಕೆ, ಒಳ್ಳೆಯ ದಿನಗೂಲಿ. ಆದರೂ ಹೊಸ ಹುಡುಗರು ಬರುವುದಿಲ್ಲ. ಕಾರಣ ಸೋಮಾರಿತನ ಎಂದು ತೋಟದವರು ದೂರುವುದುಂಟು. ನಾನು ಒಪ್ಪುವುದಿಲ್ಲ. ಒಂದು ಸಲ ಕೈ ಜಾರಿದರೆ ಬೆನ್ನುಮೂಳೆ ಹೋಗುತ್ತದೆ, ಆಮೇಲೆ ಹಾಸಿಗೆಯೇ ಗತಿ. ಬಿದ್ದವನ ಮನೆಗೆ ತಿಂಗಳ ಸಂಬಳ ಯಾರೂ ಕಳಿಸುವುದಿಲ್ಲ. ಎಲ್ಲ ಮನೆಗಳಿಗೂ ಗೊತ್ತಿರುವ ಈ ಸತ್ಯವನ್ನು ಕಂಡೇ ತಾಯಂದಿರು ಮಗನನ್ನು ಮರದಿಂದ ದೂರ ಇಡುತ್ತಾರೆ.

ಇಲ್ಲಿಯೂ ಭದ್ರತೆ ಬಂದಲ್ಲಿ ಮನಸ್ಸು ಬದಲಾಗುವುದನ್ನು ಕಾಣುತ್ತಿದ್ದೇವೆ. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಕೋಮಾಲೆ ಗಣಪತಿ ಭಟ್ಟರು ಕುಳಿತೇ ಮರ ಏರುವ ಮೋಟಾರು ಬೈಕ್ ಮಾಡಿ 2019ರಲ್ಲಿ ದೇಶದ ಗಮನ ಸೆಳೆದರು. ನೆಲದ ಮೇಲೆ ನಿಂತೇ ಕೊಯ್ಯುವ, ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂತು. ಅದರ ತರಬೇತಿ ಶಿಬಿರಗಳು ವಿಟ್ಲದ ಸಂಶೋಧನಾ ಕೇಂದ್ರದಲ್ಲೂ ನಡೆದವು. ಹಗುರವಾದ ದೋಟಿ ಹಿಡಿದ ಹುಡುಗ ತನ್ನನ್ನು ಕೂಲಿ ಎಂದುಕೊಳ್ಳುವುದಿಲ್ಲ. ಅದೊಂದು ಕಸಬು, ಅವನೊಬ್ಬ ಕಸಬುದಾರ. ಅದೇ ಗೊನೆಯನ್ನು ಕೊಯ್ಯುತ್ತಾನೆ, ಆದರೆ ಸಂಜೆ ಮನೆಗೆ ಮರಳುವುದು ಖಚಿತ ಎಂಬ ಧೈರ್ಯದಲ್ಲಿ ಕೊಯ್ಯುತ್ತಾನೆ.

ಒಂದು ಮನೆ, ನಾಲ್ಕು ದುಡಿಮೆ

ಈ ಮೂರು ತಾಲ್ಲೂಕುಗಳಲ್ಲಿ ಒಂದೇ ಕೆಲಸದಿಂದ ನಡೆಯುವ ಮನೆಗಳು ಕಡಿಮೆ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ, ಕೇರಳದಿಂದ ಬಂದು ಕಾಡುಗುಡ್ಡ ಹಸನು ಮಾಡಿದ ಕುಟುಂಬಗಳು ರಬ್ಬರ್ ಬೆಳೆಸಿದವು. ಅಲ್ಲಿ ನಸುಕಿಗೆ ತಲೆಗೆ ದೀಪ ಕಟ್ಟಿ ಟ್ಯಾಪಿಂಗಿಗೆ ಹೋದವನು ಬೆಳಿಗ್ಗೆ ಹಾಲು ಸೊಸೈಟಿಯ ಸಾಲಿನಲ್ಲಿ ನಿಲ್ಲುತ್ತಾನೆ. ಯಕ್ಷಗಾನ ಮೇಳದ ಕಲಾವಿದರು ರಾತ್ರಿ ರಾಜನಾಗಿ ಮೆರೆದು, ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲವಿಡೀ ತೋಟದ ಕೆಲಸಕ್ಕೋ ಮನೆಮನೆ ತಿರುಗುವ ಚಿಕ್ಕಮೇಳಕ್ಕೋ ಹೋಗುತ್ತಾರೆ. ಮೂಡುಬಿದಿರೆಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರುವರಿಯಲ್ಲಿ ಐಕಳ ಕಂಬಳದಲ್ಲಿ 142.5 ಮೀಟರ್ ಕೆಸರಿನ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದಾಗ ಜಗತ್ತು ಉಸೇನ್ ಬೋಲ್ಟ್ ಹೆಸರೆತ್ತಿತು. ಅವರು ಹೊಟ್ಟೆಪಾಡಿಗೆ ಮಾಡುತ್ತಿದ್ದದ್ದು ಕಟ್ಟಡದ ಕೆಲಸ. ಟ್ರ್ಯಾಕಿನ ಆಯ್ಕೆಗೆ ಆಹ್ವಾನ ಬಂದಾಗ, ಕಂಬಳದ ಓಟ ಬೇರೆ, ಟ್ರ್ಯಾಕಿನ ಓಟ ಬೇರೆ ಎಂದು ನಯವಾಗಿ ಹೇಳಿ ಕಂಬಳದ ಕರೆಯಲ್ಲೇ ಉಳಿದರು. ತನ್ನ ಕೌಶಲ ಯಾವ ಮಣ್ಣಿನದು ಎಂದು ಅರಿತವರ ಮಾತು ಅದು.

ಬೆಳ್ತಂಗಡಿ ಈ ದುಡಿಮೆಗೆ ಆಸರೆಯಾಗುವ ಎರಡು ಪ್ರಯತ್ನಗಳನ್ನು ಒಂದೇ ವರ್ಷದಲ್ಲಿ ಕಂಡಿತು. 1982ರಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಇದೇ ತಾಲ್ಲೂಕಿನಲ್ಲಿ ಶುರುವಾಯಿತು. ಅದರ ಪ್ರಗತಿಬಂಧು ತಂಡಗಳಲ್ಲಿ ಐದರಿಂದ ಎಂಟು ಮಂದಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬೊಬ್ಬರ ಜಾಗದಲ್ಲಿ ದುಡಿಯುತ್ತಾರೆ. ಹಳ್ಳಿಯ ಹಳೆಯ ಮುಯ್ಯಾಳು ಪದ್ಧತಿಗೆ ಹೊಸ ಲೆಕ್ಕಪುಸ್ತಕ ಸಿಕ್ಕಿತು. ಅದೇ ವರ್ಷ ಉಜಿರೆಯಲ್ಲಿ ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ ರುಡ್‌ಸೆಟ್ ತರಬೇತಿ ಸಂಸ್ಥೆ ಆರಂಭವಾಯಿತು. ಊಟ, ವಸತಿ ಸಹಿತ ಉಚಿತ ತರಬೇತಿ ಕೊಟ್ಟು, ಬ್ಯಾಂಕಿನ ಸಾಲದ ದಾರಿ ತೋರಿಸಿ ಸ್ವಂತ ಉದ್ಯೋಗಕ್ಕೆ ಕಳಿಸುವ ಈ ಮಾದರಿಯನ್ನು ಮುಂದೆ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಿಗೆಲ್ಲ ಹಬ್ಬಿಸಿತು.

ಮೂಡುಬಿದಿರೆಯದು ಇನ್ನೊಂದು ಬಗೆ. 1430ರ ಸಾವಿರ ಕಂಬದ ಬಸದಿಯ ಈ ಜೈನಕಾಶಿ ಒಂದು ಕಾಲದಲ್ಲಿ ವ್ಯಾಪಾರಿಗಳ ಊರು. ಆಮೇಲೆ ಬನ್ನಡ್ಕದ ಸೋನ್ಸ್ ಫಾರ್ಮಿನ ಅನಾನಸಿನ ಊರು. ಈಗ ವಿದ್ಯಾರ್ಥಿಗಳ ಊರು. 1995ರಲ್ಲಿ ಹುಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನದ ಜೊತೆಗೆ ಪೇಟೆಯೇ ಬೆಳೆಯಿತು. ಹಾಸ್ಟೆಲಿನ ಅಡುಗೆಯವರು, ಬಸ್ ಚಾಲಕರು, ಜೆರಾಕ್ಸ್ ಅಂಗಡಿಯವರು, ಸಣ್ಣ ಹೋಟೆಲಿನವರು ಎಲ್ಲರ ಗಂಜಿಯೂ ಅದಕ್ಕೆ ಹೊಂದಿಕೊಂಡಿದೆ. ಇಲ್ಲಿ ಓದಿದ ನಮ್ಮ ಮಕ್ಕಳು ಬೆಂಗಳೂರಿಗೆ, ಗಲ್ಫಿಗೆ ಹೋಗುತ್ತಾರೆ. ಅಜ್ಜಂದಿರು ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಓದಿದ ದಾರಿಯೇ ಮುಂದುವರಿದಿದೆ. ಖಾಲಿಯಾದ ಜಾಗಕ್ಕೆ ಉತ್ತರ ಕರ್ನಾಟಕದಿಂದ, ಜಾರ್ಖಂಡ್, ಒಡಿಶಾ, ಅಸ್ಸಾಮಿನಿಂದ ಬಂದವರು ಕಲ್ಲುಕೋರೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುತ್ತಿದ್ದಾರೆ. ಬೊಂಬಾಯಿಯಲ್ಲಿ ನಮ್ಮ ಅಜ್ಜ ಬಯಸಿದ್ದ ಮರ್ಯಾದೆಯನ್ನೇ ಅವರೂ ನಮ್ಮಿಂದ ಬಯಸುತ್ತಾರೆ.

ಹೋಗುವುದು ತಪ್ಪಲ್ಲ. ಆದರೆ ಉಳಿದವನನ್ನು ನಾವು ಹೇಗೆ ಕಾಣುತ್ತೇವೆ? ಮೂರು ಎಕರೆ ತೋಟ, ನಾಲ್ಕು ಹಸು, ಸ್ವಂತ ಮನೆ ಇರುವ ಹುಡುಗನಿಗೆ ಹೆಣ್ಣು ಸಿಗುವುದಿಲ್ಲ ಎಂಬ ಮಾತು ಎಲ್ಲ ಮದುವೆಮನೆಗಳಲ್ಲೂ ಕೇಳುತ್ತದೆ. ತನಗೆ ಸಿಕ್ಕಿದ ಡಿಕ್ಲರೇಷನ್ ಜಾಗದ ಮೇಲೆ ಅಜ್ಜ ಹೆಮ್ಮೆಯಿಂದ ನಿಂತಿದ್ದ. ಅದೇ ಜಾಗದಲ್ಲಿ ಮೊಮ್ಮಗ ತಪ್ಪು ಮಾಡಿದವನಂತೆ ನಿಂತಿದ್ದಾನೆ. ಧಾರಣೆಯ ಏರಿಳಿತ, ಎಲೆಚುಕ್ಕಿ ರೋಗ, ಮಳೆಯ ಅಂದಾಜು ತಪ್ಪಿದ್ದು ಅವನ ಭದ್ರತೆಯನ್ನು ಕಸಿದಿವೆ. ಭದ್ರತೆ ಹೋದಲ್ಲಿ ಮರ್ಯಾದೆಯೂ ಹೋಗಿದೆ.

ನಾವು ಮಾಡಬಹುದಾದದ್ದು

ದೊಡ್ಡ ಪರಿಹಾರಗಳು ಸರ್ಕಾರದಿಂದ ಬರಲಿ, ಅದಕ್ಕಾಗಿ ಕೇಳುತ್ತಲೇ ಇರೋಣ. ಅಷ್ಟರಲ್ಲಿ ನಮ್ಮ ಅಂಗಳದಲ್ಲೇ ಆಗುವ ಕೆಲಸ ಎರಡಿವೆ.

ತೋಟದವರಿಗೆ ಒಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ರೂಪಾಯಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ವಿಮೆ ಬೇರೆಯೇ ಇದೆ. ನಿಮ್ಮ ತೋಟಕ್ಕೆ ಬರುವವರಿಗೆ ಇವು ಆಗಿವೆಯೇ ಎಂದು ಈ ಕೊಯ್ಲಿಗೆ ಮುನ್ನ ಕೇಳಿ. ಆಗಿಲ್ಲವೆಂದರೆ ನೀವೇ ಮುಂದೆ ನಿಂತು ಮಾಡಿಸಿ.

ಜಗಲಿಯ ಅಕ್ಕಂದಿರಿಗೆ ಇನ್ನೊಂದು ಮಾತು. 2027ರ ಜನಗಣತಿಯವರು ನಿಮ್ಮ ಮನೆಗೂ ಬರುತ್ತಾರೆ. ಪುಸ್ತಕವೋ ಮೊಬೈಲೋ ಹಿಡಿದು, ಎಂತ ಕೆಲಸ ಎಂದು ಕೇಳುತ್ತಾರೆ. ಆಗ ದಯವಿಟ್ಟು ‘ಎಂತ ಕೆಲಸವೂ ಇಲ್ಲ’ ಎನ್ನಬೇಡಿ. ನಾನು ಬೀಡಿ ಕಾರ್ಮಿಕಳು, ದನ ಸಾಕುತ್ತೇನೆ, ಅಡಿಕೆ ಸುಲಿಯುತ್ತೇನೆ ಎಂದು ಒಂದೊಂದಾಗಿ ಹೇಳಿ. ಬರೆದುಕೊಂಡರೇ ಎಂದು ಇಣುಕಿ ನೋಡಿ. ಲೆಕ್ಕಕ್ಕೆ ಬಾರದ ದುಡಿಮೆಗೆ ಯಾವ ಸರ್ಕಾರವೂ ಭದ್ರತೆ ಕೊಟ್ಟದ್ದಿಲ್ಲ.